ಸ್ಕ್ರೀನ್ ಇಪ್ಪತ್ತು ನಿಮಿಷ, ನೋಟ್‌ಬುಕ್ ನಲವತ್ತು: ಮನೆಯಲ್ಲಿ ಆನ್‌ಲೈನ್ ಪಾಠ ಕಲಿಸುವ ಬಗೆ

ರಾತ್ರಿ ಜೋರು ಮಳೆ ಹೊಡೆದರೆ, ಇಲ್ಲವೇ ನಾಳೆ ಬಂದ್ ಎಂದು ಸುದ್ದಿ ಹಬ್ಬಿದರೆ, ಬೆಂಗಳೂರಿನ ಅಪ್ಪ-ಅಮ್ಮಂದಿರ ಫೋನಿಗೆ ಬೆಳಗ್ಗೆಯೇ ಮೆಸೇಜು ಬಂದು ಬೀಳುತ್ತದೆ: ‘ಇವತ್ತು ಸ್ಕೂಲಿಲ್ಲ, ಕ್ಲಾಸು ಆನ್‌ಲೈನ್.’ ಇನ್ನು ಕೆಲವು ಮನೆಗಳಲ್ಲಿ ಇದು ದಿನದ ಮಾತೇ ಆಗಿದೆ. ಸಂಜೆ ಟ್ಯೂಷನ್ ಬದಲು ವಿಡಿಯೊ, ಮಗ್ಗಿಗೆ ಆ್ಯಪು, ಟೈಫಾಯ್ಡ್ ಬಂದು ಹದಿನೈದು ದಿನ ಶಾಲೆ ತಪ್ಪಿಸಿಕೊಂಡ ಹುಡುಗನಿಗೆ ಯೂಟ್ಯೂಬ್. ದೂರು ಮಾತ್ರ ಎಲ್ಲ ಕಡೆ ಒಂದೇ: ಗಂಟೆಗಟ್ಟಲೆ ಕೂತು ನೋಡಿರುತ್ತದೆ, ಕೇಳಿದರೆ ಬಾಯಿ ಬಿಡುವುದಿಲ್ಲ.

ಮಗುವಿನ ತಪ್ಪಲ್ಲ ಅದು. ಚೆನ್ನಾಗಿ ಮಾಡಿದ ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ಯಾಕೆಂದರೆ ಅಲ್ಲಿ ಲೆಕ್ಕ ಬಿಡಿಸುತ್ತಿರುವವರು ಪರದೆಯೊಳಗಿನ ಮೇಷ್ಟ್ರು. ಒಬ್ಬಟ್ಟು ತಟ್ಟುವುದನ್ನು ನೂರು ಸಲ ನೋಡಿದವರಿಗೂ ತಾವೇ ತಟ್ಟಿದ ಮೊದಲ ಒಬ್ಬಟ್ಟು ಹರಿದೇ ಹರಿಯುತ್ತದೆ. ಹಾಗಾಗಿ ಈ ಲೇಖನದ ಲೆಕ್ಕಾಚಾರ ಇಷ್ಟೇ: ಒಂದು ಗಂಟೆ ಪಾಠವೆಂದರೆ ಸ್ಕ್ರೀನಿಗೆ ಇಪ್ಪತ್ತು ನಿಮಿಷ, ಉಳಿದ ನಲವತ್ತು ನಿಮಿಷ ನೋಟ್‌ಬುಕ್ಕಿಗೆ, ಬಾಯಿಗೆ, ಕೈಗೆ. ಆ ನಲವತ್ತು ನಿಮಿಷವನ್ನು ಹೇಗೆ ಕಳೆಯಬೇಕು ಎನ್ನುವುದೇ ಇಲ್ಲಿನ ಮುಖ್ಯ ವಿಷಯ.

ಎಷ್ಟು ಹೊತ್ತು ಕೂರಿಸಬಹುದು

ಕೇಂದ್ರ ಶಿಕ್ಷಣ ಸಚಿವಾಲಯ 2020ರ ಜುಲೈನಲ್ಲಿ ‘ಪ್ರಜ್ಞಾತಾ’ ಎಂಬ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಪೂರ್ವ ಪ್ರಾಥಮಿಕಕ್ಕೆ ದಿನಕ್ಕೆ ಹೆಚ್ಚೆಂದರೆ 30 ನಿಮಿಷ, ಅದೂ ಅಪ್ಪ-ಅಮ್ಮಂದಿರ ಜೊತೆ ಮಾತಾಡಿ ಅವರಿಗೆ ದಾರಿ ತೋರಿಸಲು. 1ರಿಂದ 8ನೇ ತರಗತಿಗೆ 30ರಿಂದ 45 ನಿಮಿಷದ ಎರಡು ತರಗತಿ. 9ರಿಂದ 12ಕ್ಕೆ ಅಂಥವೇ ನಾಲ್ಕು. ಇದು ಲೈವ್ ಕ್ಲಾಸಿಗೆ ಹಾಕಿದ ಮೇಲ್ಮಿತಿ. ಇಷ್ಟು ಕೂರಿಸಲೇಬೇಕು ಎಂದಲ್ಲ.

ಮನೆಯಲ್ಲಿ ನೀವೇ ಕಲಿಸುವಾಗ ಇನ್ನೂ ಕಡಿಮೆ ಸಾಕು. ಒಂದು-ಎರಡನೇ ಕ್ಲಾಸಿನ ಮಗುವಿಗೆ ಒಂದು ಸಲಕ್ಕೆ ಹತ್ತು ನಿಮಿಷದ ಮೇಲೆ ವಿಡಿಯೊ ಬೇಡ. ಮೂರರಿಂದ ಐದಕ್ಕೆ ಹದಿನೈದು ನಿಮಿಷ. ಹೈಸ್ಕೂಲಿನವರಿಗೆ ಇಪ್ಪತ್ತು. ಯುಕೆಜಿ ಮಗುವಿಗೆ ಅಕ್ಷರ ಕಲಿಸಲು ಆ್ಯಪ್ ಹುಡುಕುವುದಕ್ಕಿಂತ ಒಂದು ಮೊರದಲ್ಲಿ ರಾಗಿ ಹರಡಿ ಬೆರಳಲ್ಲಿ ‘ರ’, ‘ಗ’, ‘ಸ’ ತಿದ್ದಿಸಿ. ಗಾಜಿನ ಮೇಲೆ ಬೆರಳಾಡಿಸಿದ ಮಗುವಿಗೆ ಪೆನ್ಸಿಲ್ ಹಿಡಿಯುವ ಬಲ ಬರುವುದಿಲ್ಲ.

ಜಾಗ, ಬೆಳಕು, ಸದ್ದು

ಪ್ರತ್ಯೇಕ ಓದುವ ಕೋಣೆ ಎಷ್ಟು ಮನೆಯಲ್ಲಿರುತ್ತದೆ? ಒಂದೇ ಬೆಡ್‌ರೂಮಿನ ಮನೆಯಲ್ಲೂ ಒಂದು ಮೂಲೆ ಸಾಕು. ಆದರೆ ಅದು ದಿನವೂ ಅದೇ ಮೂಲೆಯಾಗಿರಬೇಕು, ಮಂಚವಂತೂ ಆಗಿರಬಾರದು. ಮಂಚದ ಮೇಲೆ ಮಗು ಹತ್ತು ನಿಮಿಷಕ್ಕೆ ಒರಗುತ್ತದೆ, ಹದಿನೈದಕ್ಕೆ ಮಲಗುತ್ತದೆ, ಬರೆಯುವುದು ಅಲ್ಲಿಗೆ ಮುಗಿಯಿತು.

ಕುರ್ಚಿ-ಮೇಜು ಇದ್ದರೆ ಎರಡು ಅಳತೆ ನೋಡಿ. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ದೊಡ್ಡವರ ಡೈನಿಂಗ್ ಟೇಬಲ್ಲಿನಲ್ಲಿ ಕೂತ ಏಳು ವರ್ಷದ ಮಗುವಿನ ಕಾಲು ಜೋತಾಡುತ್ತಿರುತ್ತದೆ. ಕಾಲ ಕೆಳಗೆ ಒಂದು ಮಣೆ ಇಡಿ, ಕೂರುವ ಕಡೆ ಮಡಚಿದ ಜಮಖಾನ ಹಾಕಿ. ನೆಲದಲ್ಲಿ ಕೂರುವುದಾದರೆ ಬೆನ್ನಿಗೆ ಗೋಡೆ, ಎದುರಿಗೆ ಗಿಡ್ಡ ಡೆಸ್ಕು. ಬಲಗೈಯಲ್ಲಿ ಬರೆಯುವ ಮಗುವಿಗೆ ಕಿಟಕಿ ಎಡಕ್ಕಿರಲಿ, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆಯೇ ಬೀಳುತ್ತದೆ. ಎಡಗೈಯವರಿಗೆ ಇದು ಉಲ್ಟಾ. ಕಿಟಕಿ ಬೆನ್ನ ಹಿಂದಿದ್ದರೆ ಕ್ಯಾಮೆರಾದಲ್ಲಿ ಮುಖ ಕಪ್ಪಗೆ ಕಾಣುತ್ತದೆ, ಮಿಸ್ಸಿಗೆ ಮಗು ಕೇಳಿಸಿಕೊಳ್ಳುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಸಾಧನಗಳಲ್ಲಿ ಫೋನಿಗೆ ಕೊನೆಯ ಸ್ಥಾನ. ಅಕ್ಷರ ಸಣ್ಣದು, ಮಗು ಅದನ್ನು ಮೂಗಿಗೆ ಹತ್ತಿರ ಹಿಡಿಯುತ್ತದೆ, ನಡುವೆ ಅಪ್ಪನ ಆಫೀಸಿನ ಕಾಲ್ ಬರುತ್ತದೆ. ಬರೀ ನೋಡುವ ಪಾಠವಾದರೆ ಹಾಲಿನ ಟಿವಿಗೆ ಹಾಕಿ. ಆರೇಳು ಅಡಿ ದೂರದಿಂದ ನೋಡಿದಾಗ ಕಣ್ಣಿಗೂ ಆರಾಮ, ನೋಟ್‌ಬುಕ್ಕಿಗೂ ಜಾಗ. ಫೋನೇ ಗತಿ ಎಂದಾದರೆ ಕೈಗೆ ಕೊಡಬೇಡಿ. ಸ್ಟೀಲ್ ಡಬ್ಬಿಗೆ ಒರಗಿಸಿ, ಅಡ್ಡ ಮಲಗಿಸಿ, ಒಂದು ಮೊಳ ದೂರದಲ್ಲಿಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸಿನ ಸೆಕ್ಯುರಿಟಿ ವಿಭಾಗದಲ್ಲಿ ‘ಆ್ಯಪ್ ಪಿನ್’ ಅಥವಾ ‘ಸ್ಕ್ರೀನ್ ಪಿನ್’ ಎಂಬ ಆಯ್ಕೆಯಿದೆ. ಅದನ್ನೂ, ಅದರೊಳಗೆ ಬಿಡಿಸುವ ಮುಂಚೆ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ ಪಾಠದ ಆ್ಯಪನ್ನು ಪಿನ್ ಮಾಡಿದರೆ ಪಿನ್ ನಂಬರ್ ಇಲ್ಲದೆ ಮಗು ಆಚೆ ಹೋಗಲಾರದು. ಐಪ್ಯಾಡಿನಲ್ಲಿ ಇದೇ ಕೆಲಸಕ್ಕೆ ‘ಗೈಡೆಡ್ ಆಕ್ಸೆಸ್’ ಇದೆ. ಜೊತೆಗೆ ‘ಡು ನಾಟ್ ಡಿಸ್ಟರ್ಬ್’ ಒತ್ತಿಬಿಡಿ.

ಇಯರ್‌ಫೋನ್ ವೈರಿನದ್ದೇ ಒಳ್ಳೆಯದು: ಚಾರ್ಜ್ ಮುಗಿಯುವ ರಗಳೆ ಇಲ್ಲ, ಮೈಕು ಬಾಯಿಗೆ ಹತ್ತಿರ. ವಾಲ್ಯೂಮ್ ಅರ್ಧದ ಆಸುಪಾಸಿನಲ್ಲಿರಲಿ. ಪಕ್ಕದಲ್ಲಿ ನಿಂತು ನೀವು ಮಾಮೂಲಿ ದನಿಯಲ್ಲಿ ಕರೆದರೆ ಮಗುವಿಗೆ ಕೇಳಿಸಬೇಕು. ಕೇಳಿಸದಿದ್ದರೆ ಸದ್ದು ಜಾಸ್ತಿಯಾಗಿದೆ ಎಂದೇ ಅರ್ಥ. ಲೈವ್ ಕ್ಲಾಸಿನ ಹೊತ್ತಿಗೆ ಮಿಕ್ಸಿ, ಕುಕ್ಕರನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಿ. ಇಡೀ ಕ್ಲಾಸು ನಿಮ್ಮನೆ ಚಟ್ನಿಯ ಸದ್ದು ಕೇಳಬೇಕಾಗಿಲ್ಲ.

ನೆಟ್ಟು, ಕರೆಂಟು

ಕ್ಲಾಸು ನಡುವೆ ನಿಂತುಹೋಗುವುದಕ್ಕೆ ಕಾರಣ ಬಹಳ ಸಲ ಇಂಟರ್ನೆಟ್ ಕಂಪನಿಯಲ್ಲ, ರೂಟರ್ ಇಟ್ಟಿರುವ ಜಾಗ. ಕೇಬಲ್ ಹಾಕಲು ಬಂದ ಹುಡುಗ ಬಾಗಿಲ ಪಕ್ಕ, ಸಜ್ಜೆಯ ಮೇಲೆ, ಟಿವಿಯ ಹಿಂದೆ ಇಟ್ಟು ಹೋಗಿರುತ್ತಾನೆ. ಎರಡು ಗೋಡೆ ದಾಟುವ ಹೊತ್ತಿಗೆ ಸಿಗ್ನಲ್ ಸತ್ತಿರುತ್ತದೆ. ರೂಟರಿನಲ್ಲಿ ಎರಡು ಹೆಸರು ಕಾಣಿಸಿದರೆ ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5. ಅದೇ ಕೋಣೆಯಲ್ಲಿದ್ದರೆ 5ಕ್ಕೆ ಸೇರಿಸಿ, ಅದು ವೇಗ. ಗೋಡೆ ಅಡ್ಡವಿದ್ದರೆ 2.4ಕ್ಕೆ ಸೇರಿಸಿ, ಅದು ದೂರ ಹೋಗುತ್ತದೆ.

ಮೊಬೈಲ್ ಡೇಟಾ ಬಳಸುವವರು ಒಂದು ಅಂದಾಜು ಇಟ್ಟುಕೊಳ್ಳಿ. ಲೈವ್ ವಿಡಿಯೊ ಕ್ಲಾಸಿಗೆ ಗಂಟೆಗೆ ಸುಮಾರು 1 ಜಿಬಿ ಬೇಕಾಗಬಹುದು. ಯೂಟ್ಯೂಬನ್ನು 480ರ (480p) ಗುಣಮಟ್ಟದಲ್ಲಿ ನೋಡಿದರೆ ಅದರ ಅರ್ಧಕ್ಕೆ ಮುಗಿಯುತ್ತದೆ. ಬೋರ್ಡಿನ ಮೇಲಿನ ಬರಹ ಓದಲು 480 ಸಾಕು. ಹೆಚ್ಚಿನ ಗುಣಮಟ್ಟ ಇಟ್ಟು ದಿನದ ಕೋಟಾವನ್ನು ಬೆಳಗ್ಗೆಯೇ ಖಾಲಿ ಮಾಡಬೇಡಿ.

ಕರೆಂಟಿನ ವಿಷಯಕ್ಕೆ ಬಂದರೆ, ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ಒಳ್ಳೆಯ ಖರ್ಚು, ಆದರೆ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಡಬ್ಬದ ಮೇಲೆ ‘8800 ಎಂಎಎಚ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. 8800 ಎಂಎಎಚ್ ಎಂದರೆ 8.8 ಆಂಪಿಯರ್-ಅವರ್, ಅದನ್ನು 3.7ರಿಂದ ಗುಣಿಸಿ: ಸುಮಾರು 32.5 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಐದನೇ ಒಂದು ಭಾಗ ಹೋಯಿತೆಂದರೆ 26 ಉಳಿಯುತ್ತದೆ. ರೂಟರ್ 8 ವ್ಯಾಟ್ ತಿಂದರೆ ಮೂರು ಗಂಟೆ ಬರುತ್ತದೆ, ಅಷ್ಟೇ. ಇನ್ನೊಂದು ಎಡವಟ್ಟು: ಫೈಬರ್ ಸಂಪರ್ಕದಲ್ಲಿ ಹಲವು ಮನೆಗಳಲ್ಲಿ ಎರಡು ಪೆಟ್ಟಿಗೆ ಇರುತ್ತವೆ. ರೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ಫೈಬರ್ ಪೆಟ್ಟಿಗೆಯನ್ನು ಮರೆತರೆ ವೈಫೈ ಗುರುತು ತುಂಬಾ ಇರುತ್ತದೆ, ನೆಟ್ಟೇ ಇರುವುದಿಲ್ಲ. ಅಡಾಪ್ಟರಿನ ಮೇಲೆ 12 ವೋಲ್ಟ್ 1 ಆಂಪಿಯರ್ ಎಂದಿದೆಯೋ 2 ಆಂಪಿಯರ್ ಎಂದಿದೆಯೋ ನೋಡಿಕೊಂಡೇ ಅಂಗಡಿಗೆ ಹೋಗಿ. ಕರೆಂಟ್ ಹೋದದ್ದು ಬರದಿದ್ದರೆ ಬೆಸ್ಕಾಂ ಸಹಾಯವಾಣಿ 1912. ಇದಕ್ಕೆಲ್ಲ ಮೀರಿದ ಉಪಾಯ, ನಾಳೆಯ ವಿಡಿಯೊವನ್ನು ಇವತ್ತು ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು.

ಯಾವುದನ್ನು ತೋರಿಸಬೇಕು

ಮೊದಲು ಪಠ್ಯಪುಸ್ತಕ, ಆಮೇಲೆ ಉಳಿದದ್ದು. ಮಗುವಿನ ಪುಸ್ತಕ ತೆರೆದರೆ ಪಾಠದ ಪುಟದಲ್ಲಿ ಕಪ್ಪು-ಬಿಳಿ ಚೌಕದ ಕ್ಯೂಆರ್ ಕೋಡ್ ಕಾಣುತ್ತದೆ. ಅದು 2017ರಲ್ಲಿ ಶುರುವಾದ ‘ದೀಕ್ಷಾ’ ವೇದಿಕೆಯದು. ದೀಕ್ಷಾ ಆ್ಯಪ್ ಹಾಕಿಕೊಂಡು ರಾಜ್ಯ, ಮಾಧ್ಯಮ, ತರಗತಿ ಆರಿಸಿ ಆ ಚೌಕವನ್ನು ಸ್ಕ್ಯಾನ್ ಮಾಡಿದರೆ ಅದೇ ಪಾಠದ ವಿಡಿಯೊ, ಅಭ್ಯಾಸ ತೆರೆದುಕೊಳ್ಳುತ್ತವೆ. ಸ್ಕ್ಯಾನ್ ಆಗದಿದ್ದರೆ ಚೌಕದ ಕೆಳಗಿನ ಆರು ಅಕ್ಷರ-ಅಂಕಿಗಳ ಕೋಡನ್ನು ಟೈಪ್ ಮಾಡಿ. ಪುಸ್ತಕ ಕಳೆದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತ.

ಕನ್ನಡದಲ್ಲೇ ಪಾಠ ಕೇಳಬೇಕೆಂದರೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್ಇಆರ್‌ಟಿ ಚಂದನ ವಾಹಿನಿಗಾಗಿ ಮಾಡಿದ ‘ಸಂವೇದ’ ತರಗತಿಗಳು ಯೂಟ್ಯೂಬಿನಲ್ಲಿವೆ. ಅಲಂಕಾರವಿಲ್ಲದ, ನೇರವಾದ ಪಾಠಗಳು. ಅದೇ ಅವುಗಳ ಗುಣ. ಪಠ್ಯ ಆಮೇಲೆ ಬದಲಾಗಿರುವ ಕಡೆ ಅಧ್ಯಾಯದ ಹೆಸರು ತಾಳೆ ನೋಡಿಕೊಳ್ಳಿ. ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ಪಾಠಗಳಿವೆ. ವಿಜ್ಞಾನಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’, ಅಂದರೆ ಪರದೆಯ ಮೇಲೆಯೇ ಮಾಡುವ ಪ್ರಯೋಗಗಳು ಉಚಿತ, ಹಲವು ಕನ್ನಡಕ್ಕೂ ಬಂದಿವೆ. ಓದಿಗೆ, ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’: ನಾಲ್ಕು ಓದಿನ ಮಟ್ಟಗಳಲ್ಲಿ ಕನ್ನಡ ಕಥೆಗಳು, ಡೌನ್‌ಲೋಡ್ ಕೂಡ ಮಾಡಬಹುದು.

ಇಷ್ಟನ್ನೂ ಒಟ್ಟಿಗೆ ಶುರುಮಾಡಬೇಡಿ. ಒಂದು ವಿಷಯಕ್ಕೆ ಒಂದೇ ಮೂಲ, ಕನಿಷ್ಠ ನಾಲ್ಕು ವಾರ. ಕಳೆಯುವ ಲೆಕ್ಕದಲ್ಲಿ ಪಕ್ಕದ ಸ್ಥಾನದಿಂದ ಹತ್ತು ತರುವುದನ್ನು ಒಬ್ಬರು ‘ಎರವಲು’ ಎನ್ನುತ್ತಾರೆ, ಇನ್ನೊಬ್ಬರು ‘ದಶಕ ಬಿಡಿಸು’ ಎನ್ನುತ್ತಾರೆ, ಮೂರನೆಯವರು ಇಂಗ್ಲಿಷಿನ ‘ಬಾರೋ’ (borrow) ಎನ್ನುತ್ತಾರೆ. ಮಗುವಿಗೆ ಇವು ಮೂರು ಬೇರೆ ಬೇರೆ ಲೆಕ್ಕ.

ಹಣ ಕೊಟ್ಟು ಕೊಳ್ಳುವ ಆ್ಯಪುಗಳ ಬಗ್ಗೆ ಒಂದು ಮಾತು. ‘ಉಚಿತ ಡೆಮೊ’ಗೆ ನಂಬರ್ ಕೊಟ್ಟ ದಿನವೇ ಫೋನುಗಳು ಶುರುವಾಗುತ್ತವೆ. ‘ತಿಂಗಳಿಗೆ ಇಷ್ಟೇ ಕಂತು’ ಎಂದರೆ ಅದು ನಿಮ್ಮ ಹೆಸರಲ್ಲಿ ತೆಗೆದ ಸಾಲವೋ, ಬರಿಯ ಚಂದಾವೋ ಎಂದು ಬರವಣಿಗೆಯಲ್ಲಿ ಕೇಳಿ. ಸಾಲವಾಗಿದ್ದರೆ ಮಗು ಆ್ಯಪ್ ಮುಟ್ಟದಿದ್ದರೂ ಕಂತು ಕಟ್ಟಬೇಕಾಗುತ್ತದೆ. ಎರಡು ವರ್ಷದ ಚಂದಾ ಒಟ್ಟಿಗೆ ಎಂದೂ ಬೇಡ.

ಒಂದು ಗಂಟೆಯ ಪಾಠ, ಹಂತ ಹಂತವಾಗಿ

ಹಿಂದಿನ ರಾತ್ರಿ ವಿಡಿಯೊವನ್ನು ನೀವೇ ಒಂದೂವರೆ ಪಟ್ಟು ವೇಗದಲ್ಲಿ ನೋಡಿ. ಎಲ್ಲಿ ನಿಲ್ಲಿಸಬೇಕು ಎಂದು ಎರಡು ಜಾಗ ಗುರುತು ಹಾಕಿಕೊಳ್ಳಿ, ‘4:10, 7:30’ ಹೀಗೆ. ಹದಿನೈದು ನಿಮಿಷದ ಈ ಕೆಲಸ ಮಾಡದಿದ್ದರೆ ಮುಂದಿನದ್ದೆಲ್ಲ ಅರ್ಧಂಬರ್ಧ.

ಮೊದಲ ಐದು ನಿಮಿಷ ಸ್ಕ್ರೀನ್ ಬೇಡ, ಪುಸ್ತಕವೂ ಬೇಡ. ನಿನ್ನೆಯ ಪಾಠದಿಂದ ಎರಡು, ಹೋದ ವಾರದ್ದರಿಂದ ಒಂದು ಪ್ರಶ್ನೆ. ಉತ್ತರ ತಪ್ಪಿದರೂ ಸರಿ. ನೆನಪಿನಿಂದ ಎಳೆದು ತೆಗೆಯುವ ಆ ತಡಕಾಟದಲ್ಲೇ ವಿಷಯ ಗಟ್ಟಿಯಾಗುತ್ತದೆ. ಪುಸ್ತಕ ತೆರೆದು ಮತ್ತೊಮ್ಮೆ ಓದಿಸಿದರೆ ಆ ತಡಕಾಟವೇ ಇರುವುದಿಲ್ಲ.

ಆಮೇಲೆ ವಿಡಿಯೊ. ಮಗುವಿನ ಕೈಯಲ್ಲಿ ಪೆನ್ಸಿಲ್, ಎದುರಿಗೆ ರಫ್ ನೋಟ್‌ಬುಕ್. ಗುರುತು ಹಾಕಿದ ಕಡೆ ನಿಲ್ಲಿಸಿ ‘ಈಗ ಮೇಷ್ಟ್ರು ಮುಂದೇನು ಮಾಡ್ತಾರೆ?’ ಎಂದು ಕೇಳಿ. ಬರೆಯಲಿ, ಆಮೇಲೆ ಮುಂದಕ್ಕೆ ಓಡಿಸಿ. ‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಜಗತ್ತಿನ ಎಲ್ಲ ಮಕ್ಕಳ ಉತ್ತರವೂ ‘ಹೂಂ’.

ವಿಡಿಯೊ ಮುಗಿದ ಕೂಡಲೇ ಪರದೆ ಮುಚ್ಚಿ. ಎರಡು ನಿಮಿಷ ಮಗು ತನ್ನ ಮಾತಲ್ಲಿ ಹೇಳಬೇಕು. ಇದಕ್ಕೆ ಅಜ್ಜಿಗಿಂತ ಒಳ್ಳೆಯ ಶ್ರೋತೃ ಇಲ್ಲ. ಅಪ್ಪನಿಗೆ ಪಾಠ ಗೊತ್ತಿದೆ ಎಂದು ಮಗು ಅರ್ಧ ಹೇಳಿ ಬಿಡುತ್ತದೆ. ಅಜ್ಜಿ ‘ಅಂಗಂದ್ರೇನೋ, ನಂಗೆ ತಿಳೀಲಿಲ್ಲ’ ಎಂದರೆ ಪೂರ್ತಿ ಬಿಡಿಸಿ ಹೇಳಲೇಬೇಕಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಮಗುವಾದರೂ ಇದು ಮನೆಮಾತಿನಲ್ಲೇ ನಡೆಯಲಿ. ಪಾರಿಭಾಷಿಕ ಪದ ಮಾತ್ರ ಇಂಗ್ಲಿಷಿನಲ್ಲಿರಲಿ. ಕನ್ನಡದಲ್ಲಿ ಹೇಳಲು ಬರದ ‘ಫೋಟೊಸಿಂಥೆಸಿಸ್’ ಇಂಗ್ಲಿಷಿನಲ್ಲೂ ಬರೀ ಬಾಯಿಪಾಠ.

ಉಳಿದ ಸಮಯ ಅಭ್ಯಾಸಕ್ಕೆ. ಇಪ್ಪತ್ತು ಲೆಕ್ಕ ಬೇಡ, ಆರು ಸಾಕು: ವಿಡಿಯೊದಲ್ಲಿ ಬಂದಂಥವು ಮೂರು, ಸ್ವಲ್ಪ ತಿರುಚಿದವು ಎರಡು, ಹಳೆಯ ಪಾಠದ್ದೊಂದು. ತಪ್ಪನ್ನು ರಬ್ಬರಿನಿಂದ ಅಳಿಸಲು ಬಿಡಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಲಿ. ಆ ತಪ್ಪುಗಳೇ ನಿಮಗೆ ದಾರಿ ತೋರಿಸುವುದು.

ತಪ್ಪನ್ನು ಓದುವುದು: 302ರಲ್ಲಿ 178

ಮೂರನೇ-ನಾಲ್ಕನೇ ಕ್ಲಾಸಿನ ಈ ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. 302 − 178. ಸರಿ ಉತ್ತರ 124. ಆ್ಯಪು ತಪ್ಪು ಉತ್ತರಕ್ಕೆ ಕೆಂಪು ಗುರುತು ತೋರಿಸಿ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ. ಆದರೆ ತಪ್ಪುಗಳು ಒಂದೇ ಬಗೆಯವಲ್ಲ.

ಮಗು 276 ಬರೆದಿದ್ದರೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2, 7ರಲ್ಲಿ 0, 3ರಲ್ಲಿ 1. ಅದಕ್ಕೆ ದಶಕ ಬಿಡಿಸುವುದೇ ಗೊತ್ತಿಲ್ಲ. ಇಂಥ ಮಗುವಿಗೆ ಮೂರಂಕಿ ಬಿಟ್ಟು 52 − 27ಕ್ಕೆ ಹಿಂದಿರುಗಿ.

134 ಬರೆದಿದ್ದರೆ ಕಥೆ ಬೇರೆ. ನೂರನ್ನು ಬಿಡಿಸಿದೆ, ಬಿಡಿಗೆ ಹತ್ತು ಕೊಟ್ಟಿದೆ, ಆದರೆ ಕೊಟ್ಟಮೇಲೆ ಹತ್ತರ ಸ್ಥಾನದಲ್ಲಿ 9 ಉಳಿಯಬೇಕೆಂಬುದನ್ನು ಮರೆತು 10 ಎಂದೇ ಇಟ್ಟುಕೊಂಡಿದೆ. 224 ಬಂದಿದ್ದರೆ ನೂರರ ಸ್ಥಾನದ 3ನ್ನು 2 ಮಾಡಿಲ್ಲ. ಈ ಎರಡು ಮಕ್ಕಳಿಗೆ ವಿಧಾನ ಗೊತ್ತು, ನಡುವಿನ ಸೊನ್ನೆ ಎಡವಿಸಿದೆ.

ಇದಕ್ಕೆ ಮದ್ದು ಮತ್ತೊಂದು ವಿಡಿಯೊ ಅಲ್ಲ, ಚಿಲ್ಲರೆ. ಮಗುವಿನ ಕೈಗೆ ಮೂರು ನೂರರ ನೋಟು, ಎರಡು ಒಂದು ರೂಪಾಯಿ ನಾಣ್ಯ ಕೊಡಿ. ನೀವು ಬ್ಯಾಂಕು, ನಿಮ್ಮ ಬಳಿ ಹತ್ತರ ಹತ್ತು ನೋಟು, ಹತ್ತು ನಾಣ್ಯ ಇರಲಿ. ಇಲ್ಲದಿದ್ದರೆ ಕಾಗದದ ಚೀಟಿಯ ಮೇಲೆ ಬರೆದುಕೊಳ್ಳಿ. ‘178 ರೂಪಾಯಿ ಸರಿಯಾಗಿ ಕೊಡು, ಅಂಗಡಿಯವರ ಹತ್ರ ಚಿಲ್ಲರೆ ಇಲ್ಲ.’ ಎಂಟು ನಾಣ್ಯ ಬೇಕು, ಇರುವುದು ಎರಡು. ಹತ್ತರ ನೋಟು ಮುರಿಸೋಣ ಎಂದರೆ ಒಂದೂ ಇಲ್ಲ. ಹಾಗಾಗಿ ಮೊದಲು ನೂರು ಮುರಿಸಬೇಕು: ಹತ್ತು ಹತ್ತರ ನೋಟು ಬಂತು. ಅದರಲ್ಲಿ ಒಂದನ್ನು ಕೊಟ್ಟು ಹತ್ತು ನಾಣ್ಯ ತಂದಿತು. ಈಗ ಮೇಜಿನ ಮೇಲೆ ಎರಡು ನೂರು, ಒಂಬತ್ತು ಹತ್ತು, ಹನ್ನೆರಡು ನಾಣ್ಯ. ಸೊನ್ನೆ ಒಂಬತ್ತಾದದ್ದು ಹೇಗೆಂದು ಮಗು ಕಣ್ಣಾರೆ ನೋಡಿತು. ಪ್ರತಿ ಸಲ ನೋಟು ಮುರಿಸಿದಾಗಲೂ ನೋಟ್‌ಬುಕ್ಕಿನಲ್ಲಿ ಆ ಅಂಕಿಯನ್ನು ಹೊಡೆದು ಹೊಸದು ಬರೆಯಲಿ. ಕೈಗೂ ಬರಹಕ್ಕೂ ಗಂಟು ಬೀಳುವುದು ಅಲ್ಲೇ. ಆಮೇಲೆ 405 − 238, 500 − 164. ಮೂರನೆಯದಕ್ಕೆ ನೋಟುಗಳನ್ನು ಎತ್ತಿಟ್ಟುಬಿಡಿ.

ವಿಜ್ಞಾನಕ್ಕೂ ಇದೇ ಬಗೆ. ಫೆಟ್‌ನಲ್ಲಿ ವಿದ್ಯುತ್ ಮಂಡಲ ಜೋಡಿಸಿ ಬಲ್ಬು ಹೊತ್ತಿಸಿದ ಮೇಲೆ, ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬು, ಎರಡು ತುಂಡು ವೈರಿನಲ್ಲಿ ಅದನ್ನೇ ಮಾಡಿಸಿ. ಪರದೆಯಲ್ಲಿ ಯಾವತ್ತೂ ಸಡಿಲಾಗದ ಸಂಪರ್ಕ ಮನೆಯಲ್ಲಿ ಸಡಿಲಾಗುತ್ತದೆ, ಬಲ್ಬು ಹತ್ತುವುದಿಲ್ಲ. ಯಾಕೆ ಹತ್ತಲಿಲ್ಲ ಎಂದು ಹುಡುಕುವುದೇ ಪಾಠ. ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಬಿಡಬೇಡಿ.

ಕನ್ನಡ ಓದು

ಮೇಲೆ ಹೇಳಿದ ಸ್ಟೋರಿವೀವರ್ ಕಥೆಗಳಲ್ಲಿ ಒಂದನ್ನು ಆರಿಸಿ. ಮೊದಲ ಪುಟ ನೀವು ಗಟ್ಟಿಯಾಗಿ ಓದಿ, ಎರಡನೆಯದು ಇಬ್ಬರೂ ಒಟ್ಟಿಗೆ, ಮೂರನೆಯದು ಮಗು. ಮೂರನೆಯದನ್ನು ಫೋನಿನ ರೆಕಾರ್ಡರಿನಲ್ಲಿ ಹಿಡಿಯಿರಿ, ಮಗುವಿಗೇ ಕೇಳಿಸಿ. ನೀವು ಹತ್ತು ಸಲ ತಿದ್ದಿದರೂ ಹತ್ತದ ತಪ್ಪು ತನ್ನ ದನಿಯಲ್ಲಿ ಕೇಳಿದಾಗ ತಾನೇ ಗೊತ್ತಾಗುತ್ತದೆ.

ತಪ್ಪು ಬೀಳುವ ಜಾಗಗಳು ಗೊತ್ತಿರುವವೇ. ಒತ್ತಕ್ಷರ ಬಂದರೆ ಮಗು ಕೆಳಗಿನದನ್ನು ಬಿಟ್ಟು ಮೇಲಿನದನ್ನಷ್ಟೇ ಓದುತ್ತದೆ: ‘ಅಕ್ಕ’ ‘ಅಕ’ ಆಗುತ್ತದೆ. ‘ಮನೆ’ಗೂ ‘ಮಣೆ’ಗೂ, ‘ಹಲ್ಲಿ’ಗೂ ‘ಹಳ್ಳಿ’ಗೂ ವ್ಯತ್ಯಾಸ ಮಾಡುವುದಿಲ್ಲ. ‘ಹಾಲು’ ‘ಆಲು’ ಆಗುತ್ತದೆ. ಈ ಕೊನೆಯದು ಮನೆಯ ಆಡುಮಾತಿನಿಂದ ಬಂದದ್ದಾದರೆ ಗೇಲಿ ಬೇಡ. ಮಾತಿಗೊಂದು ಬಗೆ, ಬರಹಕ್ಕೊಂದು ಬಗೆ ಎಂದು ಹೇಳಿ, ಬರೆಯುವಾಗ ಮಾತ್ರ ತಿದ್ದಿ. ವಾರಕ್ಕೆ ಒಂದೇ ಒಂದು ಬಗೆಯ ತಪ್ಪು ಹಿಡಿಯಿರಿ, ಉಳಿದದ್ದಕ್ಕೆ ಕಿವಿ ಮುಚ್ಚಿಕೊಳ್ಳಿ.

ಕೇಂದ್ರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಓದಿ ಅರ್ಥಮಾಡಿಕೊಳ್ಳಬೇಕು ಎನ್ನುತ್ತದೆ. ಕನ್ನಡದ ಪದಗಳು ಉದ್ದ. ‘ಹೋಗಬೇಕಾಗಿತ್ತು’ ಎಂಬುದು ನಮ್ಮಲ್ಲಿ ಒಂದೇ ಪದ. ಆದ್ದರಿಂದ ಆ ಅಂಕಿಯನ್ನು ಗಡಿಯಾರ ಹಿಡಿದು ಹೇರಬೇಡಿ. ಓದಿ ಮುಗಿಸಿದ ಮೇಲೆ ‘ಅವಳು ಯಾಕೆ ಅತ್ತಳು?’ ಎಂದರೆ ಉತ್ತರ ಬರಬೇಕು, ಅಷ್ಟೇ.

ಲೈವ್ ಕ್ಲಾಸಿನಲ್ಲಿ

ಪಕ್ಕದಲ್ಲಿ ಕೂತು ಉತ್ತರ ಪಿಸುಗುಟ್ಟುವುದು ಬಿಡಿ. ಮಿಸ್ಸಿಗೆ ಕೇಳಿಸುತ್ತದೆ; ಅದಕ್ಕಿಂತ ಹೆಚ್ಚಾಗಿ, ಮಗು ಪರದೆ ಬಿಟ್ಟು ನಿಮ್ಮ ಮುಖ ನೋಡಲು ಕಲಿಯುತ್ತದೆ. ಒಂದು ಚೀಟಿ ಪಕ್ಕದಲ್ಲಿರಲಿ: ಅರ್ಥವಾಗದ ಮಾತು ಬಂದಾಗ ಮಗು ಒಂದು ಪದ ಗೀಚಿಡಲಿ, ಕ್ಲಾಸಿನ ಕೊನೆಗೆ ಕೈ ಎತ್ತಿ ಅದನ್ನೇ ಕೇಳಲಿ. ಮೊದಲ ದಿನವೇ ಮೈಕ್ ಆನ್-ಆಫ್, ಕೈ ಎತ್ತುವ ಗುಂಡಿ, ಹೊರಬಿದ್ದರೆ ಮತ್ತೆ ಸೇರುವುದು, ಈ ಮೂರನ್ನೂ ಐದೈದು ಸಲ ಮಾಡಿಸಿ.

ಇಬ್ಬರು ಮಕ್ಕಳು, ಒಂದೇ ಫೋನ್ ಇದ್ದರೆ ಲೈವ್ ಕ್ಲಾಸು ದೊಡ್ಡವರಿಗೆ ಹೋಗಲಿ. ಚಿಕ್ಕವರಿಗೆ ರೆಕಾರ್ಡ್ ಆದ ಪಾಠ ಸಂಜೆ. ಅಕ್ಕ ಸ್ಕ್ರೀನಿನ ಮುಂದಿರುವಾಗ ತಮ್ಮನ ನೋಟ್‌ಬುಕ್ ಸಮಯ. ಇಪ್ಪತ್ತು-ನಲವತ್ತರ ಲೆಕ್ಕ ಇಲ್ಲಿ ತಾನಾಗಿಯೇ ಕೂಡಿಬರುತ್ತದೆ.

ಹೈಸ್ಕೂಲಿನ ಮಕ್ಕಳು ಲೆಕ್ಕದ ಫೋಟೊ ಹೊಡೆದು ಉತ್ತರ ತರಿಸಿಕೊಳ್ಳುವುದು ಈಗ ಮಾಮೂಲು. ಗದರಿದರೆ ಕದ್ದು ಮಾಡುತ್ತಾರೆ. ಅಭ್ಯಾಸದ ಆರು ಲೆಕ್ಕಗಳಲ್ಲಿ ಯಾವುದಾದರೂ ಒಂದನ್ನು ತೋರಿಸಿ ‘ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂದೆ?’ ಎಂದು ಕೇಳಿ. ಹೇಳಲು ಬಂದರೆ ಎಲ್ಲಿಂದ ಕಲಿತರೇನು. ಬರದಿದ್ದರೆ ಅದೇ ಬಗೆಯ ಇನ್ನೊಂದು ಲೆಕ್ಕ, ನಿಮ್ಮೆದುರಿಗೇ.

ಅಪರಿಚಿತರು ಚಾಟಿನಲ್ಲಿ ಮಾತಿಗೆಳೆದರೆ, ಫೋಟೊ ಕೇಳಿದರೆ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿ 1098. ಫೋನ್ ಕಿತ್ತುಕೊಳ್ಳುವ ಬೆದರಿಕೆ ಇರುವ ಮನೆಯಲ್ಲಿ ಮಗು ಇದನ್ನು ಹೇಳುವುದೇ ಇಲ್ಲ ಎನ್ನುವುದು ನೆನಪಿರಲಿ.

ಕಣ್ಣು, ಮೈ, ಊರು

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನದನ್ನು ಇಪ್ಪತ್ತು ಸೆಕೆಂಡ್ ನೋಡಬೇಕು. ಇಪ್ಪತ್ತು ಅಡಿ ಮನೆಯೊಳಗೆ ಸಿಗುವುದಿಲ್ಲ. ಬಾಲ್ಕನಿಗೋ ಕಿಟಕಿಗೋ ಕಳಿಸಿ, ಎದುರು ಮನೆಯ ತಾರಸಿಯ ನೀರಿನ ಟ್ಯಾಂಕಿನ ಮೇಲೆ ಎಷ್ಟು ಪಾರಿವಾಳ ಕೂತಿವೆ ಎಣಿಸಿ ಬರಲಿ. ಕಣ್ಣುಜ್ಜುವುದು, ತಲೆನೋವು, ಟಿವಿಗೆ ಹತ್ತಿರ ಹತ್ತಿರ ಸರಿಯುವುದು ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಹಟವೆಂದು ಬೈಯಬೇಡಿ. ದಿನಕ್ಕೆ ಒಂದು ಗಂಟೆಯಾದರೂ ಬಿಸಿಲಿನಲ್ಲಿ ಆಡಲಿ. ಮಲಗುವ ಮುಂಚಿನ ಒಂದು ಗಂಟೆ ಸ್ಕ್ರೀನ್ ಬೇಡ.

ಬೆಂಗಳೂರಿನಲ್ಲಿರುವವರಿಗೆ ಒಂದು ಅನುಕೂಲವಿದೆ. ಶಿಲೆಗಳ ಪಾಠ ನೋಡಿದ ವಾರ ಲಾಲ್‌ಬಾಗ್ ಬಂಡೆ ಹತ್ತಿಸಿ. ಕೆಂಪೇಗೌಡ ಗೋಪುರ ನಿಂತಿರುವ ಆ ‘ನೈಸ್’ (gneiss) ಎಂಬ ಜಾತಿಯ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಸನ್ನೆಕೋಲು, ರಾಟೆಗಳ ಪಾಠವಾದರೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಗ್ರಹ-ನಕ್ಷತ್ರಕ್ಕೆ ನೆಹರೂ ತಾರಾಲಯ. ಮೊದಲು ವಿಡಿಯೊ, ಆಮೇಲೆ ಜಾಗ, ಈ ಕ್ರಮದಲ್ಲೇ ಹೋಗಿ. ಏನನ್ನು ಹುಡುಕಬೇಕೆಂದು ಗೊತ್ತಿರುವ ಮಗು ಪ್ರಶ್ನೆ ಕೇಳುತ್ತದೆ, ಗೊತ್ತಿಲ್ಲದ್ದು ಐಸ್‌ಕ್ರೀಮ್ ಕೇಳುತ್ತದೆ.

ಮರುಪಾಠದ ದಿನಗಳು, ನಾಲ್ಕು ವಾರದ ನಂತರ

ಪಾಠ ಮುಗಿದ ದಿನ ನೋಟ್‌ಬುಕ್ಕಿನ ಅಂಚಿನಲ್ಲಿ ನಾಲ್ಕು ದಿನಾಂಕ ಬರೆಯಿರಿ: ನಾಳೆ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ. ಆಯಾ ದಿನ ಆ ಪಾಠದಿಂದ ಎರಡೇ ಪ್ರಶ್ನೆ. ಕಲಿತದ್ದು ಮೊದಲ ಕೆಲವು ದಿನದಲ್ಲೇ ವೇಗವಾಗಿ ಅಳಿಸಿಹೋಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಮಗು ದಡ್ಡ ಎಂದು ಬೈಯುವ ಮುಂಚೆ ಮೂರನೇ ದಿನ ಕೇಳಿದಿರಾ ನೋಡಿಕೊಳ್ಳಿ.

ನಾಲ್ಕು ವಾರ ಕಳೆದ ಮೇಲೆ ಆ ನೋಟ್‌ಬುಕ್ಕನ್ನು ಹಿಂದಿನಿಂದ ತಿರುವಿ. ಗೆರೆ ಎಳೆದ ತಪ್ಪುಗಳ ಜಾತಿ ಬದಲಾಗುತ್ತಿದ್ದರೆ ಸರಿಯಾಗಿ ಸಾಗಿದೆ. 276 ಹೋಗಿ 134 ಬಂದಿದ್ದರೆ ಅದೂ ಮುನ್ನಡೆಯೇ. ಮೊದಲ ವಾರದ ತಪ್ಪೇ ನಾಲ್ಕನೇ ವಾರದಲ್ಲೂ ಇದ್ದರೆ ವಿಡಿಯೊ ಮೂಲ ಬದಲಿಸಿ, ಇಲ್ಲವೇ ಒಂದು ತರಗತಿ ಕೆಳಗಿನ ಪಾಠದಿಂದ ಶುರುಮಾಡಿ. ಆಗಲೂ ಆಗದಿದ್ದರೆ ಶಾಲೆಯ ಮಿಸ್ಸಿನ ಹತ್ತಿರ ಹೋಗಿ. ಹೋಗುವಾಗ ‘ಗಣಿತ ಬರಲ್ಲ ಮೇಡಂ’ ಎನ್ನುವ ಬದಲು ಆ ನಾಲ್ಕು ವಾರದ ಪುಟಗಳನ್ನು ದಿನಾಂಕ ಸಮೇತ ತೆರೆದು ಮೇಜಿನ ಮೇಲಿಡಿ.